ಆರನೇ ಫೌಲಿಗೆ ಖಾನೆಯಿಲ್ಲ

ಬೆಳಗಿನ ಜಾವ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡಿ, ಸಂಜೆ ಊರಿನ ಟೂರ್ನಮೆಂಟಿಗೆ ಇಳಿಯುವ ಆಟಗಾರನಿಗೆ ಒಂದು ಫೌಲು ಇನ್ನೂ ಬ್ಯಾಂಕಿನಲ್ಲಿದೆ ಎಂಬ ಧೈರ್ಯ. ಐದನೆಯದಕ್ಕೆ ವಿಸಲ್ ಬಿದ್ದರೂ "ಇನ್ನೊಂದಿದೆ ಸಾರ್" ಎಂದು ಕೋರ್ಟಿನಲ್ಲೇ ನಿಂತಿರುತ್ತಾನೆ. ಅಷ್ಟರಲ್ಲಿ ಸ್ಕೋರರ್ ಮೇಜಿನಿಂದ ಕೆಂಪು 5 ಮೇಲೇಳುತ್ತದೆ. ಒಂದರಿಂದ ನಾಲ್ಕರ ತನಕ ಕಪ್ಪಂಕಿ, ಐದು ಮಾತ್ರ ಕೆಂಪು. ಇಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮ: ಐದು ಫೌಲಾದರೆ ಆಟದಿಂದ ಹೊರಗೆ. ಸ್ಕೋರ್‌ಶೀಟಿನಲ್ಲಿ ಅವನ ಹೆಸರಿನ ಮುಂದಿರುವುದೇ ಐದು ಖಾನೆ. ಆರನೆಯದನ್ನು ಬರೆಯಬೇಕಾದರೆ ಅಂಗೈ ಮೇಲೇ ಬರೆದುಕೊಳ್ಳಬೇಕು.

ಹಾಗಂತ ಫಿಬಾದವರು ಜಿಪುಣರಲ್ಲ. ಎನ್‌ಬಿಎ ಪಂದ್ಯ 48 ನಿಮಿಷ, ಆರು ಫೌಲು. ಫಿಬಾದ್ದು 40 ನಿಮಿಷ, ಐದು. ಭಾಗಿಸಿ ನೋಡಿ, ಎರಡೂ ಕಡೆ ಎಂಟು ನಿಮಿಷಕ್ಕೊಂದೇ ರೇಷನ್. 40 ನಿಮಿಷಕ್ಕೂ ಆರು ಕೊಡುವ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ.

ನಿಜವಾದ ಫಜೀತಿ ಬಾಯಿಯದು. ಎನ್‌ಬಿಎಯಲ್ಲಿ ವಾದ, ಅಶಿಸ್ತಿಗೆ ಬೀಳುವ ಟೆಕ್ನಿಕಲ್ ಫೌಲಿನ ಲೆಕ್ಕ ಬೇರೆ, ಆ ಆರರಲ್ಲಿ ಸೇರುವುದಿಲ್ಲ. ಫಿಬಾದಲ್ಲಿ ಆಟಗಾರನ ಟೆಕ್ನಿಕಲ್ಲೂ ಅದೇ ಐದು ಖಾನೆಯೊಳಗೇ ಬರುತ್ತದೆ, 'ಟಿ' ಎಂಬ ಗುರುತಿನೊಂದಿಗೆ. ಹಾಗಾಗಿ ನಾಲ್ಕು ಫೌಲಾದವನು "ಅದು ಹೇಗೆ ಫೌಲು?" ಎಂದು ಕೈ ಬೀಸಿಕೊಂಡು ಬಂದರೆ, ಉತ್ತರವಾಗಿ ಸಿಗುವುದೇ ಐದನೆಯದು. ಯಾರನ್ನೂ ಮುಟ್ಟದೆ ಬೆಂಚು ಸೇರುತ್ತಾನೆ.

ಗ್ಯಾಲರಿಯ ಪಂಡಿತರು ಎಡವುವುದು ತಂಡದ ಫೌಲಿನಲ್ಲಿ, ಅಂದರೆ ಪಂದ್ಯದ ಒಂದು ಕಾಲುಭಾಗದಲ್ಲಿ (ಕ್ವಾರ್ಟರ್) ಇಡೀ ತಂಡ ಮಾಡಿದ ಫೌಲುಗಳ ಲೆಕ್ಕದಲ್ಲಿ. ಕ್ವಾರ್ಟರಿನ ಐದನೆಯದಕ್ಕೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬಾರದ ಬುಟ್ಟಿ ಎಸೆತ) ಎಂಬುದು ಎರಡೂ ಕಡೆ ಇದೆ. ಆದರೆ ಚೆಂಡು ಹಿಡಿದು ನುಗ್ಗಿ ಡಿಕ್ಕಿ ಹೊಡೆದ ಫೌಲು ಫಿಬಾದಲ್ಲಿ ತಂಡದ ಖಾತೆಗೂ ಬೀಳುತ್ತದೆ, ಎನ್‌ಬಿಎಯಲ್ಲಿ ಬೀಳುವುದಿಲ್ಲ. ಟಿವಿ ಲೆಕ್ಕ ಹಿಡಿದವನಿಗೆ, ತಂಡದ ಫೌಲು ಮಿತಿ ಮುಟ್ಟಿತೆಂದು ಮೇಜಿನ ಮೇಲಿಟ್ಟ ಕೆಂಪು ಮಾರ್ಕರ್ ಮೋಸದಂತೆ ಕಾಣುತ್ತದೆ. ಎನ್‌ಬಿಎಯಲ್ಲಿ ಕ್ವಾರ್ಟರಿನ ಕೊನೆಯ ಎರಡು ನಿಮಿಷಕ್ಕೆ ಇನ್ನೂ ಬಿಗಿ: ಅಲ್ಲಿಯವರೆಗೆ ಐದಾಗದಿದ್ದರೂ ಆ ಎರಡು ನಿಮಿಷದೊಳಗಿನ ಎರಡನೆಯದಕ್ಕೇ ಫ್ರೀ ಥ್ರೋ. ಇದನ್ನು ಇಲ್ಲಿಯ ರೆಫ್ರಿಗೆ ಹೇಳಿಕೊಡಲು ಹೋಗಬೇಡಿ. ಮೇಲೆ ಹೇಳಿದ 'ಟಿ' ಅವರ ಬಳಿ ಇದ್ದೇ ಇದೆ.

ಇಷ್ಟೆಲ್ಲ ಕಲಿತವನು ಮುಂದಿನ ವಾರ ಮೂವರು-ಮೂವರ 3x3 ಆಟಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬನಿಗೆ ಇಷ್ಟೇ ವೈಯಕ್ತಿಕ ಫೌಲು ಎಂಬ ಮಿತಿಯೇ ಇಲ್ಲ. ಶಿಕ್ಷೆ ತಂಡಕ್ಕೆ: ಏಳನೆಯದರಿಂದ ಎರಡು ಫ್ರೀ ಥ್ರೋ, ಹತ್ತನೆಯದರಿಂದ ಅದರ ಜೊತೆಗೆ ಚೆಂಡೂ ಎದುರಾಳಿಗೇ. ನಮ್ಮವನು ಐದು ಎಣಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟಿರುತ್ತಾನೆ. ರೆಫ್ರಿಯೇ ಓಡಿಹೋಗಿ ಕರೆತರಬೇಕು.