ಕಮಾಂಡೋ ಸಾಹೇಬರೇ, ಯಾರ ಪೈಕಿ ನೀವು?

ಮೊಬೈಲ್ ತೆಗೆದರೆ ಸಾಕು, ಆಡಿಯೊ ಕತೆಗಳ ಆ್ಯಪಿನ ಜಾಹೀರಾತಿನಲ್ಲಿ ಒಬ್ಬ ಮಾಜಿ ಕಮಾಂಡೋ ಪ್ರತ್ಯಕ್ಷ. ಅತ್ತೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾನೆ. ಎಲ್ಲರೂ ಬೈಯುತ್ತಿದ್ದಾರೆ. 'ಆದರೆ ಇವನು ಯಾರು ಅಂತ ಅವರಿಗೆ ಗೊತ್ತಿಲ್ಲ' ಎಂದು ಹಿಂದಿನಿಂದ ಒಂದು ದನಿ ಗುಡುಗುತ್ತದೆ. ಮುಂದಿನ ಕಂತು ಕೇಳಬೇಕಾದರೆ ದುಡ್ಡು ಕಟ್ಟಿ. ನಾನು ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ದರ ಎಷ್ಟಾಯ್ತು ಅಂತ ನೋಡಲು ಯೂಟ್ಯೂಬ್ ತೆಗೆದಿದ್ದೆ. ತೊಗರಿ ಬರುವುದರೊಳಗೆ ಆತ ಮೂವರ ಕತ್ತು ಮುರಿದಿದ್ದ.

ಈ ಮಹಾಶಯನ ಬಗ್ಗೆ ನನಗೆ ಭಾರಿ ಗೌರವ. ಇಂಗ್ಲಿಷ್ ಥ್ರಿಲ್ಲರ್‌ಗಳಲ್ಲಿ ಹುಟ್ಟಿ ಬೆಳೆದು, ಈಗ ಕನ್ನಡದ ಆ್ಯಪುಗಳಿಗೆ ಬಂದು ಇಳಿದಿದ್ದಾನೆ. ಹೆಂಡತಿ ಮೊದಲ ಅಧ್ಯಾಯದಲ್ಲೇ ತೀರಿಕೊಂಡಿರುತ್ತಾಳೆ, ಇಲ್ಲದಿದ್ದರೆ ಆತ ಮನೆ ಬಿಟ್ಟು ಹೊರಡುವುದಾದರೂ ಹೇಗೆ? ಕೈಯಲ್ಲಿ ಚೀಲ ಇಲ್ಲ. ಸೊಸೈಟಿ ಸಾಲ ಇಲ್ಲ. ಮದುವೆಗೆ ಬಂದ ಮಗಳಿಲ್ಲ. ಗುಂಡು ಬಿದ್ದರೆ ಹೆಗಲಿಗೇ ಬೀಳುತ್ತದೆ. ಹೆಗಲಿಗೆ ಗುಂಡು ಬಿದ್ದು ಸತ್ತ ಹೀರೋನನ್ನು ನಾನಂತೂ ಓದಿಲ್ಲ. ಬಾತ್‌ರೂಮಿನಲ್ಲಿ ಕೂತು, ಗಾಯಕ್ಕೆ ಒಂದಿಷ್ಟು ವಿಸ್ಕಿ ಸುರಿದು, ತಾನೇ ಹೊಲಿದುಕೊಳ್ಳುತ್ತಾನೆ. ಇನ್ನು ಬಂದೂಕು ಬಂತೆಂದರೆ ಕತೆಯೇ ನಿಂತುಬಿಡುತ್ತದೆ. ಎಷ್ಟು ಮಿಲಿಮೀಟರ್, ಎಷ್ಟು ಗುಂಡು, ಯಾವ ದೇಶದ್ದು ಎಂದು ಎರಡು ಪುಟ. ಹೆಂಡತಿ ಸತ್ತಿದ್ದಕ್ಕೆ ಅರ್ಧ ಪುಟ.

ನಮ್ಮ ಕಡೆ ಬಂದ ಭಾರತದ ಸೈನ್ಯಕ್ಕೆ ಇಂಥ ಭಾಗ್ಯ ಇರಲಿಲ್ಲ, ಪಾಪ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ನಿಜಾಮನನ್ನು ಮಣಿಸಲು 13ರಿಂದ 17ರವರೆಗೆ ಬೇಕಾಯಿತು. ಅದೂ ಟ್ಯಾಂಕು, ವಿಮಾನ ಎಲ್ಲ ಇಟ್ಟುಕೊಂಡು. ಇವನೊಬ್ಬನನ್ನು ಕಳಿಸಿದ್ದರೆ ಮೊದಲ ರಾತ್ರಿಯೇ ಮುಗೀತಿತ್ತು, ಅಲ್ವಾ?

ಈಗ ಅವನು ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದ ಅಂದುಕೊಳ್ಳಿ. ಮೇ ತಿಂಗಳು, 43 ಡಿಗ್ರಿ, ಮೈಮೇಲೆ ಕಪ್ಪು ಲೆದರ್ ಜಾಕೆಟ್. ಕಾದಂಬರಿಯಲ್ಲಿ ಇಂಥವನು ಊರಿಗೆ ಬಂದರೆ ಯಾರೂ ಮಾತಾಡಿಸುವುದಿಲ್ಲ, ದೂರದಿಂದ ಅನುಮಾನದಲ್ಲಿ ನೋಡುತ್ತಾರೆ. ನಮ್ಮಲ್ಲಿ ಅದು ಆಗದ ಮಾತು. ಸೂಪರ್ ಮಾರ್ಕೆಟ್ ಮುಟ್ಟುವುದರೊಳಗೆ ಆಟೋದವನು ಎಲ್ಲ ಕೇಳಿ ಮುಗಿಸಿರುತ್ತಾನೆ. "ಯಾವೂರ್ರಿ ಸರ? ಯಾರ ಮನಿಗಿ ಹೊಂಟೀರಿ? ಯಾರ ಪೈಕಿ ರೀ ನೀವು?" ಗುರುತು ಮರೆಸಿಕೊಂಡು ದೇಶ ದೇಶ ತಿರುಗಿದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಹೋಟೆಲಿಗೆ ಹೋಗಿ ಹಾಲಿಲ್ಲದ ಕಾಫಿ ಕೇಳಿದರೆ, "ಆರಾಮ ಇಲ್ಲೇನ್ರಿ?" ಎಂದು ಕನಿಕರದಿಂದ ಸುಸಲಾ, ಮಿರ್ಚಿ ಭಜಿ ತಂದಿಡುತ್ತಾರೆ. ಮಿಲಿಟರಿಯವನು ಅಂತ ಗೊತ್ತಾಯಿತೋ, ಪಕ್ಕದ ಟೇಬಲ್ಲಿನವರು ಕುರ್ಚಿ ಎಳೆದುಕೊಂಡು ಬರುತ್ತಾರೆ. ಯಾವ ಗಡಿಯಲ್ಲಿ ಇದ್ರಿ, ಎಷ್ಟು ಚಳಿ, ಅದೆಲ್ಲ ಆಮೇಲೆ. ಮೊದಲು, ಮಿಲಿಟರಿ ಕ್ಯಾಂಟೀನಿನ ಅಗ್ಗದ ಮದ್ಯದ ಮೇಲೆ ಕಣ್ಣಿಟ್ಟು, "ಕ್ಯಾಂಟೀನ್ ಕಾರ್ಡ್ ಐತೇನ್ರಿ ಸರ? ಈ ತಿಂಗಳ ಕೋಟಾ ಉಳದಾದೇನ್ರಿ?"

ಹೋಗಲಿ, ಆತ ಭೀಮಾ ತೀರಕ್ಕೆ ಹೋಗಿ ಮರಳು ದಂಧೆಯವರ ಹಲ್ಲು ಉದುರಿಸಿದ ಎಂದೇ ಇಟ್ಟುಕೊಳ್ಳಿ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ, ಹೀರೋ ಬಸ್ ಹತ್ತುತ್ತಾನೆ. ಊರು ಬಸ್ ಹತ್ತುವುದಿಲ್ಲವಲ್ಲ. ಮರುದಿನ ಠಾಣೆಯಲ್ಲಿ ಕೌಂಟರ್ ಕೇಸ್. ಸಾಕ್ಷಿ ಹೇಳಿದ ಚಹಾದಂಗಡಿಯವನು ವರ್ಷಗಟ್ಟಲೆ ತಾರೀಖಿಗೆ ಅಲೆಯಬೇಕು. ಹೈಕೋರ್ಟ್ ಪೀಠ ಊರಲ್ಲೇ ಇದೆ ಅನ್ನುವುದೊಂದೇ ಸಮಾಧಾನ, ಬೆಂಗಳೂರಿನ ಟಿಕೆಟ್ ಖರ್ಚು ಉಳಿಯುತ್ತದೆ.

ನಿಜವಾದ ಮಾಜಿ ಸೈನಿಕರು ನಮ್ಮ ನಡುವೆಯೇ ಇದ್ದಾರೆ. ಹದಿನೆಂಟು ಇಪ್ಪತ್ತಕ್ಕೆ ಸೇರಿ, ಪಿಂಚಣಿಗೆ ಬೇಕಾದ 15 ವರ್ಷ ಮುಗಿಸಿ, ನಲವತ್ತರ ಒಳಗೇ ಮನೆಗೆ ಬಂದವರು. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ. ಇವರಿಗೆ ನಾವು ಇಟ್ಟಿರುವ ಸಾಹಸದ ಕೆಲಸ ಯಾವುದು? 'ಬ್ಯಾಂಕಿಗೆ ಗನ್‌ಮ್ಯಾನ್ ಬೇಕಾಗಿದ್ದಾರೆ. ಮಾಜಿ ಸೈನಿಕರಿಗೆ ಆದ್ಯತೆ. ಸ್ವಂತ ಬಂದೂಕು, ಲೈಸೆನ್ಸ್ ಕಡ್ಡಾಯ.' ದುಡ್ಡು ಬ್ಯಾಂಕಿನದ್ದು, ಬಂದೂಕು ಮಾತ್ರ ಅವರದ್ದು! ಹನ್ನೆರಡು ತಾಸು ಬಾಗಿಲಲ್ಲಿ ನಿಲ್ಲಬೇಕು. ಬಂದವರಿಗೆ ಚಲನ್ ತುಂಬಿ ಕೊಡಬೇಕು, ಮ್ಯಾನೇಜರಿಗೆ ಚಹಾ ತರಬೇಕು. ಕಾದಂಬರಿಯಲ್ಲಿ ಹೀರೋ ಸತ್ತೇ ಹೋದ ಅಂತ ಸರ್ಕಾರ ನಂಬಿರುತ್ತದೆ. ಅದೇ ಅವನ ಬಲ. ಇವರು ವರ್ಷಕ್ಕೊಮ್ಮೆ, ಬೆರಳಿನ ಗುರುತೇ ಹಿಡಿಯದ ಯಂತ್ರದ ಮುಂದೆ ನಿಂತು, 'ನಾನು ಬದುಕಿದ್ದೇನೆ' ಎಂದು ಅದೇ ಸರ್ಕಾರಕ್ಕೆ ಸಾಬೀತು ಮಾಡಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ. ಇವರಿಗೆ ನಾವು ಮಾಡುವ ಗೌರವವೆಲ್ಲ ಆಗಸ್ಟ್ 15ಕ್ಕೆ ಒಂದು ಶಾಲು. ಅದೂ ಶಾಸಕರು ಬರುವವರೆಗೆ ಬಿಸಿಲಲ್ಲಿ ಕೂರಿಸಿ.

2022ರಿಂದ ಸೈನ್ಯ ಭರ್ತಿಯ ಅಗ್ನಿಪಥ ಯೋಜನೆ ಬೇರೆ ಬಂದಿದೆ. ನಾಲ್ಕು ವರ್ಷ ಸೇವೆ. ನೂರಕ್ಕೆ 25 ಜನರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಮನೆಗೆ. ಅದರಲ್ಲೂ ಅರ್ಧದಷ್ಟು ಅವರ ಸಂಬಳದಲ್ಲೇ ಹಿಡಿದದ್ದು. ಕಾದಂಬರಿಕಾರರಿಗೆ ಸುಗ್ಗಿ. ಗಡ್ಡ ನೆರೆತ ಹೀರೋ ಇನ್ನು ಬೇಡ, 22ರ ಹುಡುಗನೇ ಸಿಗುತ್ತಾನೆ. ತೊಡಕು ಒಂದೇ. ಅವನಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ಆದರೂ ಬೀದರ್, ಯಾದಗಿರಿ ಕಡೆಯ ಹುಡುಗರು ಬೆಳಗಾಗುವ ಮೊದಲೇ ರಸ್ತೆಯಲ್ಲಿ ಓಡುತ್ತಾರೆ, ಭರ್ತಿಗೆ. ಬೇರೆ ಕೆಲಸ ಎಲ್ಲಿದೆ ಅಂತ ಓಡದೆ ಇರಬೇಕು?

ನಾಲ್ಕು ವರ್ಷ ಕಳೆದು ಆ ಹುಡುಗ ಊರಿಗೆ ಬಂದಾಗ ನಮ್ಮವರು ಕೇಳದೆ ಬಿಡುತ್ತಾರಾ? "ಕ್ಯಾಂಟೀನ್ ಕಾರ್ಡ್ ಕೊಟ್ಟಾರೇನಪಾ?"

ಅದನ್ನೂ ಕೊಟ್ಟಿಲ್ಲ.