ಒಬ್ಬಳದೇ ಪಾರ್ಟಿ

ನಾಲ್ವರು ಕೂಡಿ ಆಡಲೆಂದು ಮಾಡಿದ ಆಟವನ್ನು ಒಬ್ಬಳೇ ಆಡುವುದರಲ್ಲಿರುವ ದೊಡ್ಡ ಅನುಕೂಲವೆಂದರೆ ಉಳಿದ ಮೂವರಿಗೆ ಕಾಫಿ ಮಾಡಬೇಕಾಗಿಲ್ಲ. ಮಗಳು ಹಾಸ್ಟೆಲ್ಲಿಗೆ ಹೋಗುವಾಗ ಬಿಟ್ಟುಹೋದ ನಿಂಟೆಂಡೊ ಡಿಎಸ್ ಎಂಬ ಅಂಗೈಯಗಲದ ವಿಡಿಯೊ ಗೇಮ್ ಯಂತ್ರವನ್ನು ಬಿಡಿಸಿಕೊಂಡು, ಅದರೊಳಗಿದ್ದ ‘ಮಾರಿಯೊ ಪಾರ್ಟಿ ಡಿಎಸ್’ ಆಟವನ್ನು ನಾನು ಮಧ್ಯಾಹ್ನದ ಹೊತ್ತು ಆಡತೊಡಗಿದಾಗ, ಪಾರ್ಟಿ ಎಂದ ಮೇಲೆ ಜನ ಬೇಡವೇ ಎಂದು ನಮ್ಮ ಯಜಮಾನರು ಕೇಳಿದರು. ಜನವಿದ್ದ ಪಾರ್ಟಿಗಳ ಪಾತ್ರೆಗಳನ್ನು ಅವರು ತೊಳೆದವರಲ್ಲವಾದ್ದರಿಂದ ಆ ಪ್ರಶ್ನೆಗೆ ಉತ್ತರಿಸುವ ಅಗತ್ಯ ನನಗೆ ಕಾಣಲಿಲ್ಲ.

ಈ ಮಾರಿಯೊ ಪಾರ್ಟಿ ಸರಣಿಯ ಮೊದಲ ಆಟ ಹೊರಬಂದದ್ದು 1998ರಲ್ಲಿ, ಜಪಾನಿನಲ್ಲಿ. ಹಡ್ಸನ್ ಸಾಫ್ಟ್ ಕಂಪನಿ ತಯಾರಿಸಿದ ಆ ಆಟವನ್ನು ನಾಲ್ವರು ಒಟ್ಟಿಗೆ ಕೈಹಾಕಬಲ್ಲ ನಿಂಟೆಂಡೊ 64 ಯಂತ್ರದಲ್ಲಿ ಟಿವಿಯ ಮುಂದೆ ಕುಳಿತು ಆಡಬೇಕಿತ್ತು. ಅದರ ಕೆಲವು ಕಿರು ಆಟಗಳಲ್ಲಿ ಪುಟ್ಟ ಕಡ್ಡಿಯೊಂದನ್ನು ಗರಗರನೆ ತಿರುಗಿಸಬೇಕಾಗುತ್ತಿದ್ದು, ಬೆರಳಿನ ಬದಲು ಅಂಗೈಯನ್ನೇ ಒತ್ತಿ ತಿರುಗಿಸಿದ ಮಕ್ಕಳ ಕೈಯಲ್ಲಿ ಬೊಬ್ಬೆ ಎದ್ದು, ಕೊನೆಗೆ 2000ದಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿಯೊಡನೆ ಆದ ಒಪ್ಪಂದದಂತೆ ಆಟ ಕೊಂಡವರಿಗೆ ಕೈಗವಸು ಹಂಚಲು ನಿಂಟೆಂಡೊ ಕಂಪನಿ ಒಪ್ಪಿಕೊಂಡಿತು. 2007ರಲ್ಲಿ ಬಂದ ನನ್ನ ಡಿಎಸ್ ಆವೃತ್ತಿಯಲ್ಲಿ ತಿರುಗಿಸುವ ಕಡ್ಡಿಯಿಲ್ಲ. ಕೆಳಗಿನ ತೆರೆಯ ಮೇಲೆ ಗೀಚಲು ಸ್ಟೈಲಸ್ ಎಂಬ ಶಾಯಿಯಿಲ್ಲದ ಪೆನ್ನೊಂದು ಇದೆ. ಹೀಗಾಗಿ ಇಲ್ಲಿ ಗಾಯವಾಗುವುದು ಮನಸ್ಸಿಗೆ ಮಾತ್ರ.

ಇದರ ಕಥೆಯೂ ಸೊಗಸಾಗಿದೆ. ಬೌಸರ್ ಎಂಬ ಆಮೆಯರಸ, ಹಿಂದಿನದಕ್ಕೆಲ್ಲ ಕ್ಷಮೆ ಕೇಳುವ ನೆಪದಲ್ಲಿ ಆಟದ ನಾಯಕ ಮಾರಿಯೊ ಮತ್ತು ಅವನ ಬಳಗವನ್ನು ಊಟಕ್ಕೆ ಕರೆದು, ಬಂದವರನ್ನು ಒಂದು ಯಂತ್ರದಿಂದ ಹುಳುಗಳಷ್ಟಕ್ಕೆ ಕುಗ್ಗಿಸಿಬಿಡುತ್ತಾನೆ. ಅನೇಕ ಮದುವೆಮನೆಗಳಿಗೆ ಹೋಗಿಬಂದಿರುವ ನನಗೆ, ಊಟಕ್ಕೆ ಕರೆದು ಕುಗ್ಗಿಸುವ ವಿದ್ಯೆ ಹೊಸದೆನಿಸಲಿಲ್ಲ. ಕುಗ್ಗಿದವರು ತೋಟ, ಸಂಗೀತದ ಕೋಣೆ, ಪುಸ್ತಕಾಲಯ ಎಂದು ಅಲೆಯುತ್ತ, ದಾಳ ಎಸೆದು ಮನೆಯಿಂದ ಮನೆಗೆ ನಡೆದು, ನಾಣ್ಯ ಕೂಡಿಟ್ಟು ನಕ್ಷತ್ರ ಕೊಳ್ಳಬೇಕು. ಎಲ್ಲರ ಸರದಿ ಮುಗಿದೊಡನೆ ಒಂದು ಕಿರು ಆಟ. ಅದು ಮುಗಿದರೆ ಮತ್ತೆ ದಾಳ. ಮನುಷ್ಯರಿಲ್ಲದ ಜಾಗಗಳನ್ನು ಯಂತ್ರವೇ ತನ್ನ ಆಟಗಾರರಿಂದ ತುಂಬಿಕೊಡುತ್ತದೆ, ಅವರು ಎಷ್ಟು ಜಾಣರಾಗಿರಬೇಕೆಂಬುದನ್ನು ಮಾತ್ರ ನಾವು ಆರಿಸಬೇಕು. ಅತಿಥಿಗಳ ಜಾಣತನವನ್ನು ಮುಂಚಿತವಾಗಿ ನಿಗದಿಪಡಿಸುವ ಈ ಸೌಲಭ್ಯ ಬೇರೆ ಯಾವ ಪಾರ್ಟಿಯಲ್ಲಿಯೂ ನನಗೆ ದೊರೆತಿಲ್ಲ.

ಆದರೆ ತೊಂದರೆ ಆರಂಭವಾಗುವುದೂ ಇಲ್ಲಿಯೇ. ಎದುರಾಳಿಗಳು ದಡ್ಡರಾಗಿರಲಿ ಎಂದು ಸುಲಭದ ಹಂತ ಆರಿಸಿಕೊಂಡರೆ, ಇಬ್ಬರಿಗಿಬ್ಬರು ಆಡುವ ಕಿರು ಆಟಗಳಲ್ಲಿ ಆ ದಡ್ಡರಲ್ಲೊಬ್ಬ ನಮ್ಮ ಜೊತೆಗಾರನಾಗಿ ಬರುತ್ತಾನೆ. ನನ್ನ ಪಾಲಿಗೆ ಬರುವವನು ಸಾಮಾನ್ಯವಾಗಿ ಯೋಶಿ ಎಂಬ ಹಸಿರು ಡೈನೋಸಾರ್. ಎದುರಿನ ಜೋಡಿ ಓಡಾಡಿ ಅಂಕ ಗಳಿಸುತ್ತಿರುವಾಗ ಅವನು ಮೂಲೆಯೊಂದರಲ್ಲಿ ನಿಂತು ವಿಚಾರಮಗ್ನನಾಗಿರುತ್ತಾನೆ. “ಈ ಕಡೆ ಬಾರೋ! ಎಷ್ಟು ಸಲ ಹೇಳಬೇಕು ನಿನಗೆ?” ಎಂದು ನಾನು ಕೂಗುವುದು ಅವನಿಗೆ ಕೇಳಿಸದಿದ್ದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತೆಂಬುದು ಒಂದು ಸಂಜೆ ತಿಳಿಯಿತು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ, “ನಿಮ್ಮನೆಗೆ ಮಧ್ಯಾಹ್ನ ಬರ್ತಾರಲ್ಲ, ಆ ಜೋಶಿಯವರು, ತುಂಬಾ ಸಮಾಧಾನದವರು ಕಣ್ರೀ. ನೀವು ಏಕವಚನದಲ್ಲಿ ಅಷ್ಟೊಂದು ಬೈದರೂ ಒಂದು ಮಾತು ತಿರುಗಿ ಆಡಲ್ಲ” ಎಂದರು. ಜೋಶಿಯವರು ಯಾರೆಂದು ನಾನು ವಿವರಿಸಿದೆ. ವಿವರಣೆ ಮುಗಿಯುವ ಹೊತ್ತಿಗೆ ಅವರ ಮುಖದಲ್ಲಿದ್ದ ಕುತೂಹಲ ಹೋಗಿ ಕನಿಕರ ಬಂದಿತ್ತು.

ಕೆಲವು ಕಿರು ಆಟಗಳಲ್ಲಿ ಸ್ಟೈಲಸ್ ಸಾಲದೆ, ಯಂತ್ರದ ಮೈಕಿಗೆ ಬಾಯಿಂದ ಊದಬೇಕಾಗುತ್ತದೆ. ಮನೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಬರುವ ರೈಲಿನಲ್ಲಿ, ಕಿಟಕಿಯ ಪಕ್ಕ ಕುಳಿತ ಮಧ್ಯವಯಸ್ಸಿನ ಹೆಂಗಸೊಬ್ಬಳು ಕೈಯಲ್ಲಿರುವ ವಸ್ತುವನ್ನು ಬಿಡದೆ ಊದುತ್ತಿದ್ದರೆ ಸಹಪ್ರಯಾಣಿಕರು ಸುಮ್ಮನಿರುವುದು ಕಷ್ಟ. “ಮೊಬೈಲು ಬಿಸಿಯಾದರೆ ಊದಬಾರದಮ್ಮ, ಆಫ್ ಮಾಡಿ ಇಡಬೇಕು” ಎಂದರು ಎದುರಿನ ಹಿರಿಯರು. ಅವರ ಪತ್ನಿ ತಮ್ಮ ಕೈಯಲ್ಲಿದ್ದ ಪತ್ರಿಕೆಯಿಂದ ಯಂತ್ರಕ್ಕೆ ಗಾಳಿ ಬೀಸಲು ಮುಂದಾದರು. ಉಪಚಾರ ಬೇಡವೆಂದು ಹೇಳಲು ನಾನು ತಲೆಯೆತ್ತಿದ ಕ್ಷಣಕ್ಕೆ ಸರಿಯಾಗಿ, ಬುಟ್ಟಿ ಹಿಡಿದ ಮಾರಾಟಗಾರನೊಬ್ಬ ನನ್ನ ಭುಜದ ಬಳಿಯೇ “ಮದ್ದೂರ್ ವಡೇ!” ಎಂದು ಕೂಗಿದ. ಊದುವುದಕ್ಕೂ ಕೂಗುವುದಕ್ಕೂ ವ್ಯತ್ಯಾಸ ತಿಳಿಯದ ಆ ಮೈಕು ಅದನ್ನು ನನ್ನ ಉಸಿರೆಂದೇ ಸ್ವೀಕರಿಸಿ ನನ್ನನ್ನು ಗೆಲ್ಲಿಸಿತು. ಕೃತಜ್ಞತೆಯಿಂದ ವಡೆ ಕೊಂಡು ಎದುರಿನ ದಂಪತಿಗೂ ಕೊಟ್ಟೆ; ಏಕೆಂದು ಅವರು ಕೇಳಲಿಲ್ಲ.

ಒಬ್ಬರೇ ಆಡುವುದು ನಮ್ಮ ಮನೆತನಕ್ಕೆ ಹೊಸತೇನೂ ಅಲ್ಲ. ನಮ್ಮಜ್ಜಿ ಜೊತೆಗೆ ಯಾರೂ ಸಿಗದ ದಿನ ನೆಲದ ಮೇಲೆ ಚೌಕಾಬಾರದ ಮನೆ ಬರೆದು, ನಾಲ್ಕೂ ಕಡೆಗೆ ತಾವೇ ಕವಡೆ ಹಾಕಿ, ತಮ್ಮ ಕಾಯಿಯನ್ನು ತಾವೇ ಹೊಡೆದು, ಆಮೇಲೆ ಹೊಡೆದವರ ಮೇಲೆ ಮುನಿಸಿಕೊಳ್ಳುತ್ತಿದ್ದರು. ಅಜ್ಜಿಯ ಆಟದಲ್ಲಿ ಕಾಯಿ ಹಣ್ಣಾದರೆ ಹಣ್ಣಾದಂತೆಯೇ. ಈ ಜಪಾನೀ ಆಟದಲ್ಲಿ ಎಲ್ಲ ಮುಗಿದ ಮೇಲೆ ಬೋನಸ್ ನಕ್ಷತ್ರಗಳೆಂಬ ಇನ್ನೊಂದು ಅಧ್ಯಾಯವಿದೆ: ಕಿರು ಆಟಗಳನ್ನು ಹೆಚ್ಚು ಗೆದ್ದವರಿಗೆ ಒಂದು, ಹೆಚ್ಚು ದೂರ ನಡೆದವರಿಗೆ ಒಂದು ಎಂದು ಹಂಚಿ, ಗೆದ್ದೆನೆಂದು ಬೀಗುತ್ತಿದ್ದವರನ್ನು ನಿಂತಲ್ಲೇ ಕೆಳಗಿಳಿಸಿಬಿಡುತ್ತಾರೆ. ಹಿಂದೆ ಬಿದ್ದ ಗೆಳೆಯನಿಗೂ ಕೊನೆಯವರೆಗೆ ಆಸೆ ಉಳಿಯಲಿ ಎಂಬುದು ಇದರ ಉದ್ದೇಶವಿರಬೇಕು. ನನ್ನ ಮನೆಯಲ್ಲಿ ಆ ಗೆಳೆಯ ವಾಲೂಯಿಜಿ: ನೇರಳೆ ಅಂಗಿಯ, ಕಡ್ಡಿಕಾಲಿನ, ನಂಬಿಕೆಗೆ ಅರ್ಹನಲ್ಲದ ಆಸಾಮಿ. ಸುಮ್ಮನೆ ನಡೆದಾಡಿದ್ದಕ್ಕೆ ಅವನಿಗೆ ನಕ್ಷತ್ರ ದೊರೆತ ದಿನ ಸಾರಿಗೆ ಉಪ್ಪು ಬಿದ್ದಿರುವುದಿಲ್ಲ ಎಂಬುದನ್ನು ಯಜಮಾನರು ಈಗ ಗುರುತಿಸಬಲ್ಲರು.

ಮನುಷ್ಯರೊಡನೆ ಆಡಿ ನೋಡಿಲ್ಲವೆಂದಲ್ಲ. ಆಟದ ಒಂದೇ ಕಾರ್ಡಿನಿಂದ ನಾಲ್ಕು ಯಂತ್ರಗಳಲ್ಲಿ ನಿಸ್ತಂತುವಾಗಿ ಕೂಡಿ ಆಡಬಹುದಾದ್ದರಿಂದ, ರಜೆಗೆ ಬಂದ ತಮ್ಮನ ಮಗ ತನ್ನ ಡಿಎಸ್ ತಂದಾಗ ಇಬ್ಬರೂ ಆಡಿದೆವು. ಹುಡುಗ ಮೊದಲಿನಿಂದಲೂ ಮುಂದಿದ್ದ. ಕೊನೆಗೆ ಹೆಚ್ಚು ನಡೆದಾಡಿದವಳು ನಾನೆಂದು ಯಂತ್ರ ತೀರ್ಮಾನಿಸಿತು. “ಇದು ಮೋಸ ಅತ್ತೆ” ಎಂದವನೇ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದ. ಅರ್ಧ ಗಂಟೆಯೊಳಗೆ ತಮ್ಮನ ಹೆಂಡತಿಯಿಂದ ಫೋನು ಬಂತು. “ಅತ್ತಿಗೆ, ತಪ್ಪು ತಿಳ್ಕೋಬೇಡಿ, ಚಿಕ್ಕ ಮಗು. ನೀವು ಸ್ವಲ್ಪ ಸೋತಿದ್ದರೆ ಏನು ಹೋಗ್ತಿತ್ತು?”

ವಾಲೂಯಿಜಿಯನ್ನು ಎಷ್ಟೋ ಸಲ ಸೋಲಿಸಿದ್ದೇನೆ. ಅವನ ಮನೆಯವರು ಯಾರೂ ಇದುವರೆಗೆ ಫೋನು ಮಾಡಿಲ್ಲ.