ಬಟಾಟೆ ಗರಿಗರಿಯಾಗದಿದ್ದರೆ ದೋಷ ಕೈಯದ್ದಲ್ಲ

ಕಳೆದ ಜುಲೈ ತಿಂಗಳ ಒಂದು ಭಾನುವಾರ, ಬಿಡದೆ ಸುರಿಯುವ ಮಳೆಯಿಂದಾಗಿ ಮಕ್ಕಳಿಬ್ಬರೂ ಮನೆಯೊಳಗೇ ಉಳಿದಿದ್ದಾಗ, ಅವರಿಗಾಗಿ ನಾನು ಬಟಾಟೆ ಚಿಪ್ಸ್ ಕರಿಯಲು ಹೊರಟಿದ್ದೆ. ಒಂದು ಕಿಲೋ ಬಟಾಟೆಯನ್ನು ತೆಳ್ಳಗೆ ಹೆಚ್ಚಿ, ತೊಳೆದು, ಒರೆಸಿ ಎಣ್ಣೆಗೆ ಹಾಕಿದರೆ, ಎರಡೇ ನಿಮಿಷದಲ್ಲಿ ಅಂಚೆಲ್ಲ ಕಪ್ಪಾಗಿ, ನಡುಭಾಗ ಮಾತ್ರ ಮೆತ್ತಗೆ ಉಳಿಯಿತು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಕಹಿ. ಮಗಳು ಎರಡು ತಿಂದು ಸುಮ್ಮನಾದಳು. ಮಗ ಅಂಗಡಿಯ ಪ್ಯಾಕೆಟ್ ಕೇಳಿದ. ಕಾಪುವಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಟಾಟೆ ಫ್ರಿಜ್ಜಿನಲ್ಲಿ ಇಟ್ಟಿದ್ದೆಯಾ ಮಗ? ಹಾಗಾದ್ರೆ ಆಗುವುದಿಲ್ಲ. ತಣ್ಣಗಾದ ಬಟಾಟೆ ಸಿಹಿಯಾಗ್ತದೆ, ಎಣ್ಣೆಗೆ ಬಿದ್ದ ಕೂಡಲೇ ಕರಂಚಿ ಹೋಗ್ತದೆ."

ಅಮ್ಮ ಅನುಭವದಿಂದ ಹೇಳಿದ ಆ ಮಾತಿಗೆ ವಿಜ್ಞಾನದ ಆಧಾರವೂ ಇದೆ. ಬಟಾಟೆಯನ್ನು ಸುಮಾರು 8 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಟ್ಟರೆ ಅದರೊಳಗಿನ ಪಿಷ್ಟದ ಒಂದು ಪಾಲು ನಿಧಾನವಾಗಿ ಸಕ್ಕರೆಯಾಗಿ ಬದಲಾಗುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಬಟಾಟೆಯ ಅಮೈನೋ ಆಮ್ಲಗಳ ಜೊತೆ ಸೇರಿ ಕಂದುಬಣ್ಣವನ್ನೂ ಕಹಿಯನ್ನೂ ಕೊಡುತ್ತದೆ, ಮತ್ತು ಚೂರಿನೊಳಗಿನ ನೀರು ಪೂರ್ತಿ ಆರುವ ಮೊದಲೇ ಹೊರಗಿನ ಬಣ್ಣ ಏರಿಬಿಡುವುದರಿಂದ ನಾವು ಹೆದರಿ ಅದನ್ನು ಎಣ್ಣೆಯಿಂದ ತೆಗೆದುಬಿಡುತ್ತೇವೆ. ಹಾಗಾಗಿಯೇ ಕರಂಚಿದ ಚಿಪ್ಸ್ ಮೆತ್ತಗೂ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೆರಡು ಬಾರಿ ಹೀಗಾದ ಮೇಲೆ "ನಮ್ಮ ಕೈಯಲ್ಲಿ ಇದು ಆಗುವ ಕೆಲಸವಲ್ಲ" ಎಂದು ಪ್ಯಾಕೆಟಿಗೆ ಮರಳಿದ್ದನ್ನು ನಾನು ಕಂಡಿದ್ದೇನೆ. ಆ ಸೋಲು ಕೈಯದ್ದಲ್ಲ, ಬಟಾಟೆಯದ್ದು ಎಂಬುದನ್ನು ಹೇಳಬೇಕೆಂದೇ ಈ ಬರಹ.

ಘಟ್ಟದ ಮೇಲಿನವರು ಆಲೂಗಡ್ಡೆ ಎನ್ನುವುದನ್ನು ಕರಾವಳಿಯ ನಾವು ಬಟಾಟೆ ಎನ್ನುತ್ತೇವೆ. ಪೋರ್ಚುಗೀಸರ ಭಾಷೆಯಿಂದ ಬಂದ ಆ ಪದದೊಂದಿಗೆ ಗಡ್ಡೆಯೂ ನಮ್ಮ ಅಡುಗೆಮನೆಗೆ ಬಂದು ಇಲ್ಲಿಯದೇ ಆಗಿದೆ, ಆದರೆ ನಮ್ಮ ಮಣ್ಣಿನಲ್ಲಿ ಬೆಳೆಯುವುದು ಮಾತ್ರ ಕಡಿಮೆ. ಹಾಸನದ ಬಟಾಟೆ ಮೇ, ಜೂನ್‌ನಲ್ಲಿ ಬಿತ್ತನೆಯಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅಗೆದು ಶಿರಾಡಿ ಘಾಟಿಯ ದಾರಿಯಾಗಿ ಇಳಿದು ಬರುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಮಗೆ ಸಿಗುವುದರಲ್ಲಿ ಶೀತಲ ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದೂ ಸಾಕಷ್ಟಿರುತ್ತದೆ. ಚಿಪ್ಸ್ ಕಂಪನಿಗಳು ಈ ತೊಡಕನ್ನು ತಳಿಯಿಂದಲೇ ನಿವಾರಿಸಿಕೊಂಡಿವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಕರಿಯುವುದಕ್ಕೆಂದೇ ರೂಪಿಸಿದ ಕುಫ್ರಿ ಚಿಪ್ಸೋನಾ ಸರಣಿಯ ಮೊದಲ ತಳಿಗಳು 1998ರಲ್ಲಿ ಬಿಡುಗಡೆಯಾದವು. ಅವುಗಳಲ್ಲಿ ಸಕ್ಕರೆ ಕಡಿಮೆ, ಘನಾಂಶ ಹೆಚ್ಚು. ನಮ್ಮ ತರಕಾರಿ ಅಂಗಡಿಯ ಗೋಣಿಯಲ್ಲಿ ಅಂಥ ಆಯ್ಕೆ ಇರುವುದಿಲ್ಲ. ಆದ್ದರಿಂದ ನಾನು ಈಗ ಮಾಡುವುದಿಷ್ಟೇ: ಗಟ್ಟಿಯಾದ, ಮೊಳಕೆಯೊಡೆಯದ ಬಟಾಟೆಯನ್ನು ಆರಿಸಿ ತಂದು, ಎರಡು ವಾರದ ಮಟ್ಟಿಗೆ ಅಡುಗೆಮನೆಯ ಮೂಲೆಯಲ್ಲಿ ಬೆಳಕು ತಾಗದಂತೆ ಬುಟ್ಟಿಯಲ್ಲಿ ಇಡುತ್ತೇನೆ. ಬೆಚ್ಚಗಿನ ಜಾಗದಲ್ಲಿದ್ದರೆ ಸಕ್ಕರೆಯ ಅಂಶ ಒಂದಷ್ಟು ಇಳಿಯುತ್ತದೆ. ಬೆಳಕಿಗೆ ಬಿದ್ದು ಹಸಿರಾದ ಬಟಾಟೆಯನ್ನಂತೂ ಮಕ್ಕಳಿಗೆ ಕೊಡಲೇಬಾರದು. ಆ ಹಸಿರಿನ ಜೊತೆ ಸೊಲನೈನ್ ಎಂಬ ವಿಷದ ಅಂಶವೂ ಹೆಚ್ಚುತ್ತದೆ, ಕರಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ನೀರಿನ ವಿಷಯ. ಮಣೆಯಲ್ಲಿ ತುರಿದ ಬಿಲ್ಲೆಗಳು ಒಂದೇ ದಪ್ಪದಲ್ಲಿರಬೇಕು. ಹಳೆಯ ಒಂದು ರೂಪಾಯಿ ನಾಣ್ಯದಷ್ಟು ದಪ್ಪವಿದ್ದರೆ ಸಾಕು, ತೀರಾ ಕಾಗದದಷ್ಟು ತೆಳುವಾದರೆ ಮುರಿಯುತ್ತದೆ. ಅವನ್ನು ತಣ್ಣೀರಿನಲ್ಲಿ ಮೂರು ಸಲ, ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿಟ್ಟರೆ ಮೇಲ್ಮೈಯ ಪಿಷ್ಟ ಮತ್ತು ಸಕ್ಕರೆ ಎರಡೂ ನೀರಿಗಿಳಿಯುತ್ತವೆ. ಬಟಾಟೆ ಹಳತೆಂಬ ಅನುಮಾನವಿದ್ದರೆ ಇನ್ನೊಂದು ಹೆಜ್ಜೆ ಬೇಕು: ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ಸೋಸುವುದು. ಬಳಿಕ ಬಿಲ್ಲೆಗಳನ್ನು ಒಣ ಬೈರಾಸಿನ ಮೇಲೆ ಹರಡಿ, ಇನ್ನೊಂದರಿಂದ ಮೆತ್ತಗೆ ಒತ್ತಿ, ಫ್ಯಾನಿನ ಕೆಳಗೆ ಕಾಲು ಗಂಟೆ ಬಿಡಬೇಕು. ಆತುರದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಹಸಿ ಬಟಾಟೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವಾಗ, ಅದರ ಮೇಲೆ ತೊಳೆದ ನೀರೂ ಉಳಿದರೆ ಎಣ್ಣೆಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ.

ಎಣ್ಣೆ ಸುಮಾರು 170 ಡಿಗ್ರಿಯಲ್ಲಿರಬೇಕು. ಉಷ್ಣಮಾಪಕ ಇಲ್ಲದವರು ಒಂದು ಬಿಲ್ಲೆಯನ್ನು ಹಾಕಿ ನೋಡಬಹುದು. ಅದು ಮುಳುಗಿ, ಎರಡು ಮೂರು ಕ್ಷಣದಲ್ಲಿ ಗುಳ್ಳೆಗಳ ಸಮೇತ ಮೇಲೆದ್ದರೆ ಹದ ಬಂದಿದೆ. ಮುಳುಗದೆಯೇ ಕಂದಾದರೆ ಕಾವು ಹೆಚ್ಚಾಗಿದೆ. ಒಮ್ಮೆಗೆ ಒಂದು ಹಿಡಿಗಿಂತ ಹೆಚ್ಚು ಹಾಕಿದರೆ ಎಣ್ಣೆ ತಣಿದು, ಬಟಾಟೆ ಅದನ್ನು ಕುಡಿಯತೊಡಗುತ್ತದೆ. ಅಮ್ಮ ಚಿಪ್ಸ್ ಆಯಿತೆಂದು ತಿಳಿಯುವುದು ಕಿವಿಯಿಂದ. ಮೊದಲು ಜೋರಾಗಿ ಕೇಳಿಸುವ ಚರಚರ ಸದ್ದು ಕ್ರಮೇಣ ಅಡಗಿ, ಗುಳ್ಳೆಗಳು ನಿಂತಾಗ ಒಳಗಿನ ನೀರು ಮುಗಿದಿದೆ ಎಂದರ್ಥ. ಆ ಕ್ಷಣದಲ್ಲಿ, ಬಣ್ಣ ಇನ್ನೂ ತಿಳಿಹಳದಿಯಾಗಿರುವಾಗಲೇ, ಜಾಲರಿ ಸೌಟಿನಿಂದ ತೆಗೆಯಬೇಕು. ತಿಳಿಬಣ್ಣದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ರುಚಿಯಲ್ಲದೆ ಬೇರೊಂದು ಕಾರಣವೂ ಇದೆ. ಪಿಷ್ಟದ ಪದಾರ್ಥಗಳನ್ನು ಹೆಚ್ಚು ಕಾವಿನಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ 1994ರಲ್ಲೇ ಸೇರಿಸಿತ್ತು. ಬಣ್ಣ ಕಪ್ಪಾದಷ್ಟೂ ಅದರ ಪ್ರಮಾಣ ಏರುತ್ತದೆ. ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಕರಂಚಿದ ಚಿಪ್ಸ್ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ.

ಬಾಳೆಕಾಯಿ ಚಿಪ್ಸಿಗೆ ಮಾಡುವಂತೆ ಉಪ್ಪುನೀರನ್ನು ಕಾದ ಎಣ್ಣೆಗೇ ಚಿಮುಕಿಸುವ ಪದ್ಧತಿ ನಮ್ಮಲ್ಲಿದೆ, ಆದರೆ ಮಕ್ಕಳು ಸುತ್ತ ನಿಂತಿರುವ ಅಡುಗೆಮನೆಯಲ್ಲಿ ನಾನು ಅದನ್ನು ಮಾಡುವುದಿಲ್ಲ. ಬಿಸಿಯಿರುವಾಗಲೇ ನುಣ್ಣನೆಯ ಉಪ್ಪು, ಕುಟ್ಟಿದ ಒಳ್ಳೆಮೆಣಸು ಉದುರಿಸಿದರೆ ಸಾಕಷ್ಟು ಹಿಡಿಯುತ್ತದೆ, ಉಪ್ಪೂ ಕಡಿಮೆ ಸಾಕಾಗುತ್ತದೆ.

ಖರ್ಚಿನ ಲೆಕ್ಕವನ್ನು ನಾನು ತೂಗಿ ನೋಡಿದ್ದೇನೆ. 40 ರೂಪಾಯಿಗೆ ತಂದ ಒಂದು ಕಿಲೋ ಬಟಾಟೆಯಿಂದ ಸುಮಾರು 260 ಗ್ರಾಂ ಚಿಪ್ಸ್ ಸಿಕ್ಕಿತು. ಅದು ಹೀರಿದ ಎಣ್ಣೆ 100 ಮಿಲಿಲೀಟರಿನಷ್ಟು. ಸೂರ್ಯಕಾಂತಿ ಎಣ್ಣೆಯಾದರೆ 16 ರೂಪಾಯಿ, ಗ್ಯಾಸಿಗೆ 6 ರೂಪಾಯಿ ಸೇರಿಸಿದರೂ ಒಟ್ಟು 62. ನಮ್ಮ ಬೀದಿಯ ಗೂಡಂಗಡಿಯಿಂದ ತಂದ 10 ರೂಪಾಯಿಯ ಪ್ಯಾಕೆಟಿನಲ್ಲಿ 24 ಗ್ರಾಂ ಇತ್ತು. ಅಷ್ಟೇ ತೂಕಕ್ಕೆ 11 ಪ್ಯಾಕೆಟ್ ಬೇಕು, ಅಂದರೆ 110 ರೂಪಾಯಿ. ತೆಂಗಿನೆಣ್ಣೆಯಲ್ಲಿ ಕರಿದರೆ ಈಗಿನ ಬೆಲೆಯಲ್ಲಿ ಉಳಿತಾಯ ಅರ್ಧಕ್ಕಿಳಿಯುತ್ತದೆ, ಆದರೂ ನಮ್ಮ ಮನೆಯಲ್ಲಿ ಆ ಪರಿಮಳವನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಅಗಲ ಬಾಣಲೆಯ ಬದಲು ಚಿಕ್ಕ, ಆಳವಾದ ಬಾಣಲೆಯನ್ನು ಬಳಸಿದರೆ 300 ಮಿಲಿಲೀಟರ್ ಎಣ್ಣೆ ಸಾಲುತ್ತದೆ. ಉಳಿದದ್ದನ್ನು ಸೋಸಿಟ್ಟು ಒಂದೆರಡು ದಿನಗಳಲ್ಲಿ ಒಗ್ಗರಣೆಗೆ ಮುಗಿಸುವುದು ಒಳ್ಳೆಯದು. ಮತ್ತೆ ಮತ್ತೆ ಕರಿಯಲು ಅದನ್ನೇ ಇಡಬಾರದು. ಕರಿದ ಎಣ್ಣೆ ಕೆಟ್ಟಂತೆಲ್ಲ ಅದರಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇ. 25 ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಜಾರಿಯಲ್ಲಿದೆ. ನಮಗೆ ಮನೆಯಲ್ಲಿ ಅದನ್ನು ಅಳೆಯುವ ಉಪಾಯವಿಲ್ಲ, ಬಣ್ಣ, ನೊರೆ, ಹೊಗೆಗಳೇ ಗುರುತು.

ಆ 62 ರೂಪಾಯಿಯಲ್ಲಿ ಒಂದೂವರೆ ಗಂಟೆಯ ದುಡಿಮೆ ಸೇರಿಲ್ಲ. "ಮನೆಯಲ್ಲಿ ಮಾಡಿದರೆ ಅಗ್ಗ" ಎಂದು ಸುಲಭವಾಗಿ ಹೇಳುವ ಗಂಡಸರು ಆ ಸಮಯ ಯಾರದೆಂದು ಯೋಚಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಾರವಿಡೀ ಕಚೇರಿ ಮತ್ತು ಮನೆ ಎರಡನ್ನೂ ನಿಭಾಯಿಸುವ ನನ್ನ ಹೆಂಡತಿಗೆ ಭಾನುವಾರದ ಕರಿಯುವ ಕೆಲಸವನ್ನೂ ಹೊರಿಸಿ ಉಳಿತಾಯವೆಂದು ಕರೆಯುವುದು ನ್ಯಾಯವಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಬಾಣಲೆ ನನ್ನದು, ಸಿಪ್ಪೆ ತೆಗೆಯುವುದು ಮಗಳದು, ತೊಳೆಯುವುದು ಮತ್ತು ಬೈರಾಸಿನ ಮೇಲೆ ಹರಡುವುದು ಮಗನದು. ಇಷ್ಟು ಕೆಲಸವಿರುವುದರಿಂದಲೇ ತಿಂಗಳಿಗೆ ಎರಡು ಬಾರಿಗಿಂತ ಹೆಚ್ಚು ಇದು ನಡೆಯುವುದಿಲ್ಲ. ಕರಿದ ತಿಂಡಿ ಕೈಚಾಚಿದಾಗಲೆಲ್ಲ ಸಿಗದೆ, ಕಾದು, ದುಡಿದು ತಿನ್ನುವಂತಿದ್ದರೆ ಮಕ್ಕಳು ತಿನ್ನುವ ಪ್ರಮಾಣ ತಾನಾಗಿಯೇ ಇಳಿಯುತ್ತದೆ ಎಂಬುದು ನಾನು ಕಣ್ಣಾರೆ ಕಂಡ ಸಂಗತಿ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲೀ ಗೇಟಿನಿಂದ 50 ಮೀಟರ್ ಒಳಗಾಗಲೀ ಮಾರಬಾರದೆಂದು 2020ರ ನಿಯಮಾವಳಿ ಹೇಳುತ್ತದೆ. ಆದರೆ ಐವತ್ತೊಂದನೆಯ ಮೀಟರಿನಲ್ಲಿ ತೂಗಾಡುವ ಪ್ಯಾಕೆಟುಗಳ ಮಾಲೆಗೆ ಉತ್ತರವನ್ನು ಮನೆಯವರೇ ಹುಡುಕಬೇಕಾಗುತ್ತದೆ.

ಬಾಣಲೆ ಇಡಲು ಪುರುಸೊತ್ತಿಲ್ಲದ ಸಂಜೆಗೆ ಕೊಂಕಣಿ ಮನೆಗಳ ಬಟಾಟೆ ಫೋಡಿಯಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ಪೋಡಿಯಲ್ಲ, ಕಾವಲಿಯ ಮೇಲೆ ಕಾಯಿಸುವ ಫೋಡಿ. ಸ್ವಲ್ಪ ದಪ್ಪ ಬಿಲ್ಲೆಗಳಿಗೆ ಮೆಣಸಿನ ಪುಡಿ, ಇಂಗಿನ ನೀರು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಚಿರೋಟಿ ರವೆಗೆ ಒಂದು ಚಮಚ ಅಕ್ಕಿಹಿಟ್ಟು ಬೆರೆಸಿದ್ದರಲ್ಲಿ ಹೊರಳಿಸಿ, ಬಿಸಿ ಕಾವಲಿಯಲ್ಲಿ ಸುತ್ತಲೂ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿದರೆ ಮುಗಿಯಿತು. ನಾಲ್ಕು ಜನರಿಗೆ ಮೂರು ಬಟಾಟೆ, ಮೂರು ಚಮಚ ಎಣ್ಣೆ. ಹೊರಗೆ ಗರಿಗರಿ, ಒಳಗೆ ಮೃದು. ಮಕ್ಕಳು ಇದನ್ನು ಅನ್ನ ಮತ್ತು ದಾಳಿತೋವೆಯ ಜೊತೆಗೂ ತಿನ್ನುವುದರಿಂದ ಹೊಟ್ಟೆಗೆ ಊಟವೂ ಸೇರುತ್ತದೆ.

ಮಳೆಗಾಲದಲ್ಲಿ ಚಿಪ್ಸನ್ನು ಡಬ್ಬದಲ್ಲಿ ಇಟ್ಟು ಉಳಿಸುತ್ತೇನೆಂಬ ಆಸೆ ನಮ್ಮ ಕರಾವಳಿಯಲ್ಲಿ ಫಲಿಸುವುದಿಲ್ಲ. ಕಂಪನಿಗಳು ಪ್ಯಾಕೆಟಿನೊಳಗೆ ನೈಟ್ರೋಜನ್ ತುಂಬುವುದರಿಂದ ಒಳಗಿನದ್ದು ತಿಂಗಳುಗಟ್ಟಲೆ ಕಮಟುವುದಿಲ್ಲ. ನಮ್ಮ ಡಬ್ಬದೊಳಗೆ ಮುಚ್ಚಳ ತೆರೆದಾಗಲೆಲ್ಲ ಇಲ್ಲಿಯ ತೇವದ ಗಾಳಿ ನುಗ್ಗುತ್ತದೆ. ಹಿರಿಯರು ಇದಕ್ಕೆ ಕಂಡುಕೊಂಡಿದ್ದ ದಾರಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಹಪ್ಪಳದ ಚಾಪೆಯ ಪಕ್ಕದಲ್ಲೇ, ಉಪ್ಪುನೀರಿನಲ್ಲಿ ಅರೆಬೇಯಿಸಿದ ಬಟಾಟೆ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮುರಿದರೆ ಟಕ್ಕನೆ ಸದ್ದಾಗುವವರೆಗೆ ಎರಡು ಮೂರು ದಿನ ಒಣಗಿಸಿ ಡಬ್ಬ ತುಂಬುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಬೇಕಾದಾಗ ಒಂದು ಹಿಡಿ ತೆಗೆದು ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ನೀರು ಆಗಲೇ ಬಿಸಿಲಿಗೆ ಆರಿರುವುದರಿಂದ ಗ್ಯಾಸೂ ಸಮಯವೂ ಉಳಿಯುತ್ತವೆ. ಈ ಬೇಸಿಗೆಯಲ್ಲಿ ಅಮ್ಮ ಕಾಪುವಿನ ಮನೆಯ ಅಂಗಳದಲ್ಲಿ 5 ಕಿಲೋ ಒಣಗಿಸಿ ಕೊಟ್ಟರು. ಕಾಗೆ ಓಡಿಸಲು ಕೋಲು ಹಿಡಿದು ಕುಳಿತವನು ನನ್ನ ಮಗ. ಈಗ ಡಬ್ಬದಲ್ಲಿ ಎಷ್ಟು ಉಳಿದಿದೆಯೆಂದು ಪ್ರತಿ ಭಾನುವಾರ ನೋಡುವವನೂ ಅವನೇ, ಮತ್ತು ಮುಂದಿನ ವರ್ಷಕ್ಕೆ 8 ಕಿಲೋ ಬೇಕೆಂದು ಅಜ್ಜಿಗೆ ಈಗಲೇ ಹೇಳಿಟ್ಟಿದ್ದಾನೆ.